ಬರೆಸುವುದು ಕೊನೆಗೆ: ಮನೆಯಲ್ಲಿ ಮಕ್ಕಳಿಗೆ ಗಣಿತ, ಇಂಗ್ಲಿಷ್ ಹೇಳಿಕೊಡುವ ಕ್ರಮ

ಸಂಜೆ ಆರೂವರೆಗೆ ಮಗು ಪುಸ್ತಕ ತೆಗೆಯುತ್ತದೆ. ಅಮ್ಮ ಅಡುಗೆಮನೆಯಿಂದಲೇ "ಎರಡನೇ ಲೆಕ್ಕ ಆಯ್ತಾ?" ಅಂತ ಕೇಳುತ್ತಾರೆ. ಆಗಿರುವುದಿಲ್ಲ. ಏಳಕ್ಕೆ ಗದರಿಕೆ, ಏಳೂಕಾಲಿಗೆ ಅಳು, ಏಳೂವರೆಗೆ ಅಪ್ಪನೇ ಉತ್ತರ ಹೇಳಿ ಬರೆಸಿ ಮುಗಿಸುವುದು. ತೀರ್ಥಹಳ್ಳಿ, ಹೊಸನಗರ, ಸಾಗರ ಕಡೆಯ ತಂದೆತಾಯಿ ಬಂದು ಹೇಳುವುದು ಹೆಚ್ಚುಕಡಿಮೆ ಇದನ್ನೇ. ದಿನಾ ಕೂರಿಸಿಕೊಳ್ಳುತ್ತೇವೆ, ಆದರೂ ತಲೆಗೆ ಹತ್ತುತ್ತಿಲ್ಲ ಅಂತ.

ಅವರ ಶ್ರಮದಲ್ಲಿ ಕೊರತೆ ಇಲ್ಲ. ಕ್ರಮ ತಲೆಕೆಳಗಾಗಿದೆ, ಅಷ್ಟೆ. ನಾವು ಬರೆಸುವುದರಿಂದ ಶುರು ಮಾಡುತ್ತೇವೆ. ಗಣಿತ ಮೊದಲು ಕೈಗೆ ಬರಬೇಕು, ಆಮೇಲೆ ಬಾಯಿಗೆ, ಆಮೇಲೆ ಸ್ಲೇಟಿಗೆ. ಇಂಗ್ಲಿಷ್ ಮೊದಲು ಕಿವಿಗೆ, ಆಮೇಲೆ ಬಾಯಿಗೆ, ಆಮೇಲೆ ಕಣ್ಣಿಗೆ, ಎಲ್ಲ ಆದ ಮೇಲೆ ಪೆನ್ಸಿಲಿಗೆ. 1ರಿಂದ 5ನೇ ತರಗತಿಯ ಮಕ್ಕಳಿಗೆ ಈ ಕ್ರಮ ಸಾಕು. ನಿಮಗೆ ಇಂಗ್ಲಿಷ್ ಚೆನ್ನಾಗಿ ಬರಲೇಬೇಕು ಅಂತಿಲ್ಲ.

## ಬೇಕಾದ ಸಾಮಾನು

ತೆಂಗಿನ ಗರಿಯ ಪೊರಕೆ ಕಡ್ಡಿ, ಬೆರಳುದ್ದಕ್ಕೆ ಕತ್ತರಿಸಿದ್ದು, 120. ಹದಿನೈದು ರಬ್ಬರ್ ಬ್ಯಾಂಡ್. ಒಂದು ಬಟ್ಟಲು ಹುಣಿಸೆ ಬೀಜ. ಸ್ಲೇಟು, ಬಳಪ. ಹಳೇ ಕ್ಯಾಲೆಂಡರಿನ ಹಿಂಬದಿಯಿಂದ ಕತ್ತರಿಸಿದ ಚೀಟಿಗಳು. ನೀವು ಬರೆದಿಡಲು ಒಂದು ಸಣ್ಣ ನೋಟ್‌ಬುಕ್.

ಸಮಯ ದಿನಕ್ಕೆ 20 ನಿಮಿಷ. ಗಣಿತಕ್ಕೆ 10, ಇಂಗ್ಲಿಷಿಗೆ 10. ಮಗು ಶಾಲೆಯಿಂದ ಬಂದು ತಿಂಡಿ ತಿಂದು ಒಂದು ಗಂಟೆ ಆಡಿದ ಮೇಲೆ ಕೂರಿಸಿ. ಬಸ್ಸಿಳಿದು ಎರಡು ಕಿಲೋಮೀಟರ್ ನಡೆದು, ಮಳೆಯಲ್ಲಿ ನೆಂದು ಬಂದ ಮಗುವನ್ನು ಬಂದ ತಕ್ಷಣ ಕೂರಿಸಿದರೆ ಏನೂ ಉಪಯೋಗವಿಲ್ಲ. ಕಡ್ಡಿಯ ಕೆಲಸಕ್ಕೆ ಕರೆಂಟ್ ಬೇಕಿಲ್ಲ. ಮಳೆಗಾಲದಲ್ಲಿ ಅದೊಂದು ಅನುಕೂಲ.

## ಹಂತ 1: ಮಗು ಎಲ್ಲಿ ನಿಂತಿದೆ ಅಂತ ನೋಡಿ

ಮೊದಲ ಎರಡು ದಿನ ಏನೂ ಕಲಿಸಬೇಡಿ. ಸುಮ್ನೆ ನೋಡಿ, ಬರೆದಿಡಿ. ತಪ್ಪಿದರೂ ತಿದ್ದಬೇಡಿ.

ಗಣಿತಕ್ಕೆ ಮೂರು ಪರೀಕ್ಷೆ. ಒಂದು, 37 ಹುಣಿಸೆ ಬೀಜ ಕೊಟ್ಟು ಎಣಿಸಲು ಹೇಳಿ. ಬೆರಳು ಒಂದು ಬೀಜದ ಮೇಲಿದ್ದಾಗ ಬಾಯಿ ಎರಡು ಅಂಕಿ ಹೇಳುತ್ತಿದೆಯಾ ನೋಡಿ. ಎರಡು, ಸ್ಲೇಟಿನಲ್ಲಿ 37 ಬರೆದು, 3ರ ಮೇಲೆ ಬೆರಳಿಟ್ಟು, "ಇದು ಎಷ್ಟು ಬೀಜ? ತೆಗೆದು ತೋರಿಸು" ಅನ್ನಿ. ಮೂವತ್ತು ತೆಗೆಯಬೇಕು. ಮಗು ಮೂರೇ ಬೀಜ ತೆಗೆದಿಟ್ಟರೆ ಸ್ಥಾನಬೆಲೆ, ಅಂದರೆ ಅಂಕಿ ನಿಂತ ಜಾಗದ ಮೇಲೆ ಅದರ ಬೆಲೆ ಬದಲಾಗುತ್ತದೆ ಅನ್ನುವುದು, ಬಂದಿಲ್ಲ ಅಂತ ಅರ್ಥ. ಇದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ನಾಲ್ಕನೇ ತರಗತಿಯ ಮಕ್ಕಳೂ ಇಲ್ಲಿ ತಪ್ಪುತ್ತಾರೆ. ಮೂರು, 42ರಲ್ಲಿ 17 ಕಳೆಯಲು ಹೇಳಿ.

ಭಾಷೆಗೂ ಮೂರು. ಒಂದು, ಪಾಠದಲ್ಲಿಲ್ಲದ ಕನ್ನಡದ ಎರಡು ಸಾಲು ಓದಿಸಿ. ಎರಡು, ಕೈಸನ್ನೆ ಮಾಡದೆ ಇಂಗ್ಲಿಷಿನಲ್ಲಿ "ಓಪನ್ ದ ಡೋರ್" ಅನ್ನಿ. ಮೂರು, ಇಂಗ್ಲಿಷ್ ಪಾಠ ಓದುತ್ತಿರುವಾಗ ನಡುವಿನ ಒಂದು ಪದದ ಮೇಲೆ ಬೆರಳಿಟ್ಟು "ಇದೇನು?" ಅನ್ನಿ. ಸರಾಗವಾಗಿ ಓದುತ್ತಿದ್ದ ಮಗು ಗಕ್ಕನೆ ನಿಂತು, ಸಾಲಿನ ಮೊದಲಿಗೆ ಹೋಗಿ ಗುನುಗುತ್ತಾ ಬಂದರೆ, ಅದು ಓದುತ್ತಿರಲಿಲ್ಲ. ಬಾಯಿಪಾಠ ಒಪ್ಪಿಸುತ್ತಿತ್ತು.

ಕನ್ನಡವೇ ತಡವರಿಸುತ್ತಿದ್ದರೆ ಇಂಗ್ಲಿಷ್ ಓದಿಸುವುದನ್ನು ಸದ್ಯಕ್ಕೆ ಪೂರ್ತಿ ನಿಲ್ಲಿಸಿ. ಕೇಳುವುದು, ಮಾತಾಡುವುದು ಮಾತ್ರ ನಡೆಯಲಿ. ಒಂದು ಭಾಷೆಯಲ್ಲಿ ಓದು ಕುದುರಿದರೆ ಇನ್ನೊಂದಕ್ಕೆ ದಾರಿಯಾಗುತ್ತದೆ.

"ನಾಲ್ಕನೇ ಕ್ಲಾಸಿಗೆ ಬಂದು ಕಡ್ಡಿ ಎಣಿಸುವುದಾ?" ಅಂತ ಅಜ್ಜ ಅಜ್ಜಿ ಕೇಳಬಹುದು. ಹೌದು, ಎಣಿಸಬೇಕು. ಮಗು ನಿಂತ ಜಾಗದಿಂದಲೇ ಹೊರಡಬೇಕಲ್ವಾ?

## ಹಂತ 2: ಹತ್ತರ ಕಟ್ಟು

ಹತ್ತು ಕಡ್ಡಿ ಎಣಿಸಿ ರಬ್ಬರ್ ಬ್ಯಾಂಡ್ ಹಾಕುವುದು. ಕಟ್ಟುವ ಕೆಲಸ ಮಗುವಿನದೇ. ನೀವು ಕಟ್ಟಿಕೊಟ್ಟರೆ ಆ ಕಟ್ಟಿನೊಳಗೆ ಹತ್ತಿದೆ ಎಂಬ ನಂಬಿಕೆ ಅದಕ್ಕೆ ಬರುವುದಿಲ್ಲ. ಹತ್ತು ಕಟ್ಟು ಆದಾಗ ಒಂದು ಚೀಲಕ್ಕೆ ಹಾಕಿ, ಅದು ನೂರು.

ಆಮೇಲೆ ಆಟ. ನೀವು "ಮೂವತ್ತೇಳು" ಅಂದರೆ ಮಗು ಮೂರು ಕಟ್ಟು, ಏಳು ಬಿಡಿ ಇಡಬೇಕು. ಕನ್ನಡದ ಹೆಸರುಗಳೇ ಇಲ್ಲಿ ಸಹಾಯಕ್ಕೆ ಬರುತ್ತವೆ. ಮೂವತ್ತು, ಏಳು ಎರಡೂ ಕಿವಿಗೆ ಕೇಳುತ್ತವೆ. ಒಂದು ವಾರ ಇಷ್ಟೇ ಮಾಡಿ, ಬರೆಸಬೇಡಿ.

ಎರಡನೇ ವಾರ ಬರೆಸುವಾಗ ಒಂದು ತಪ್ಪು ಬಂದೇ ಬರುತ್ತದೆ. ನೂರಾ ಐದು ಅಂದರೆ ಮಗು 1005 ಬರೆಯುತ್ತದೆ. ಕೇಳಿದ್ದನ್ನೇ ಬರೆದಿದೆ ಪಾಪ, ನೂರು, ಐದು. ಒಂದು ಉದ್ದ ಚೀಟಿಯಲ್ಲಿ 100, ಚಿಕ್ಕ ಚೀಟಿಯಲ್ಲಿ 5 ಬರೆಯಿರಿ. ಚಿಕ್ಕದನ್ನು ಉದ್ದದ ಚೀಟಿಯ ಕೊನೆಯ ಸೊನ್ನೆಯ ಮೇಲೆ ಇಡಲು ಹೇಳಿ. 105 ಕಾಣುತ್ತದೆ. ನಾಲ್ಕಾರು ಸಲ ಚೀಟಿ ಇಟ್ಟು ತೆಗೆದರೆ ತಪ್ಪು ತಾನಾಗಿ ಹೋಗುತ್ತದೆ.

## ಹಂತ 3: ಕೂಡುವುದು, ಕಳೆಯುವುದು

ಅತಿ ಹೆಚ್ಚು ಮಕ್ಕಳು ಮುಗ್ಗರಿಸುವುದು ಕಳೆಯುವ ಲೆಕ್ಕದಲ್ಲಿ. ಮೂರನೇ ತರಗತಿಯ ಒಬ್ಬ ಹುಡುಗಿ ನಮ್ಮ ಜಗುಲಿಯಲ್ಲಿ ಕೂತು 42ರಲ್ಲಿ 17 ಕಳೆದು 35 ಬರೆದಳು. ಹೇಗೆ ಅಂತ ಕೇಳಿದೆ. "ಎರಡರಲ್ಲಿ ಏಳು ಹೋಗಲ್ಲ. ಅದಕ್ಕೆ ಏಳರಲ್ಲಿ ಎರಡು ಕಳೆದೆ" ಅಂದಳು. ಅವಳಿಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ.

ಸ್ಲೇಟು ಪಕ್ಕಕ್ಕಿಟ್ಟು ನಾಲ್ಕು ಕಟ್ಟು, ಎರಡು ಬಿಡಿ ಕಡ್ಡಿ ಅವಳ ಮುಂದಿಟ್ಟೆ. "ನಂಗೆ ಹದಿನೇಳು ಕೊಡು. ಮೊದಲು ಏಳು ಕೊಡು." ಎರಡು ಕಡ್ಡಿ ಕೊಟ್ಟಳು. ಕೈ ಖಾಲಿಯಾಯಿತು. ಕಟ್ಟುಗಳನ್ನು ನೋಡಿದಳು, ನನ್ನನ್ನು ನೋಡಿದಳು. "ಇದನ್ನ ಬಿಚ್ಲಾ?" ಅಂದಳು. ನಾನು ಏನೂ ಹೇಳಲಿಲ್ಲ. ರಬ್ಬರ್ ಬ್ಯಾಂಡ್ ಎಳೆದಳು. ಹತ್ತು ಕಡ್ಡಿ ಚಾಪೆ ಮೇಲೆ ಹರಡಿದವು. ಅದರಲ್ಲಿ ಐದು ಎಣಿಸಿ ಕೊಟ್ಟಳು, ಆಮೇಲೆ ಒಂದು ಕಟ್ಟು ಕೊಟ್ಟಳು. ಉಳಿದದ್ದು ಎರಡು ಕಟ್ಟು, ಐದು ಕಡ್ಡಿ. ಸ್ವಲ್ಪ ಹೊತ್ತು ಅದನ್ನೇ ನೋಡಿ, ಸ್ಲೇಟಿನ 35ನ್ನು ಅಂಗೈಯಲ್ಲಿ ಒರೆಸಿದಳು. ನಾನು ಒರೆಸು ಅಂತ ಹೇಳಿರಲಿಲ್ಲ.

ಹಾಗಾಗಿ "ಪಕ್ಕದ ಮನೆಯಿಂದ ಸಾಲ ತಾ" ಅನ್ನುವ ಮಾತು ನನಗೆ ಇಷ್ಟವಿಲ್ಲ. ಪಕ್ಕದ ಮನೆಯಿಂದ ಒಂದು ತಂದರೆ ಅದು ಹತ್ತಾಗುವುದು ಯಾಕೆ ಅಂತ ಮಗುವಿಗೆ ಗೊತ್ತಾಗುವುದಿಲ್ಲ. "ಕಟ್ಟು ಬಿಚ್ಚು" ಅನ್ನಿ. ಕೂಡುವಾಗ "ಕಟ್ಟು ಕಟ್ಟು" ಅನ್ನಿ. ಬಿಡಿ ಕಡ್ಡಿ ಹತ್ತಾದ ಕೂಡಲೇ ಕಟ್ಟಿ ಪಕ್ಕಕ್ಕೆ ಸರಿಸುವುದು. ದಶಕ ಅಂದರೆ ಅದೇ.

ಮುಂದುವರಿಯುವ ಕ್ರಮ ಹೀಗಿರಲಿ:

1. ಕಟ್ಟು ಬಿಚ್ಚುವ ಅಗತ್ಯವಿಲ್ಲದ ಲೆಕ್ಕ, ಕಡ್ಡಿಯಲ್ಲಿ. ಉದಾಹರಣೆಗೆ 48ರಲ್ಲಿ 23.
2. ಬಿಚ್ಚಲೇಬೇಕಾದ ಲೆಕ್ಕ, ಕಡ್ಡಿಯಲ್ಲಿ. ಉದಾಹರಣೆಗೆ 42ರಲ್ಲಿ 17.
3. ಅದೇ ಲೆಕ್ಕ ಕಡ್ಡಿ ಮತ್ತು ಸ್ಲೇಟು ಎರಡರಲ್ಲೂ. ಕಟ್ಟು ಬಿಚ್ಚಿದ ಕ್ಷಣದಲ್ಲೇ ಸ್ಲೇಟಿನಲ್ಲಿ 4 ಹೊಡೆದು 3 ಬರೆಯಬೇಕು, 2ರ ಜಾಗಕ್ಕೆ 12.
4. ಕಡ್ಡಿಯ ಬದಲು ಚಿತ್ರ. ಕಟ್ಟಿಗೆ ಒಂದು ಗೀಟು, ಬಿಡಿಗೆ ಒಂದು ಚುಕ್ಕಿ.
5. ಸ್ಲೇಟು ಮಾತ್ರ.

ಒಂದೊಂದಕ್ಕೂ ಮೂರು ನಾಲ್ಕು ದಿನ ಬೇಕು. ಬೇಗ ಬಂತು ಅಂತ 2ರಿಂದ 5ಕ್ಕೆ ಹಾರಬೇಡಿ. ಮಕ್ಕಳು ಕಳಚಿಬೀಳುವುದು 3ರಲ್ಲಿ. ಉತ್ತರ ಸರಿಯಾ ಅಂತ ನೀವು ಹೇಳಬೇಡಿ. 25ಕ್ಕೆ 17 ಕೂಡಿಸಿ ಮಗುವೇ ನೋಡಿಕೊಳ್ಳಲಿ.

ದೊಡ್ಡ ಸಂಖ್ಯೆಗೆ ನಮ್ಮ ಕಡೆ ಬೇರೆ ಪುಸ್ತಕವೇ ಬೇಡ. ಮಳೆಗಾಲದಲ್ಲಿ ಪೇಪರಿನಲ್ಲಿ ಅಣೆಕಟ್ಟೆಯ ನೀರಿನ ಮಟ್ಟ ಬರುತ್ತದೆ. ಲಿಂಗನಮಕ್ಕಿ ಪೂರ್ತಿ ತುಂಬಿದರೆ 1819 ಅಡಿ, ಭದ್ರಾ 186 ಅಡಿ. ಇವತ್ತು ಲಿಂಗನಮಕ್ಕಿಯಲ್ಲಿ 1786 ಇದೆ ಅಂದುಕೊಳ್ಳಿ. ತುಂಬಲು ಇನ್ನೆಷ್ಟು ಅಡಿ ಬೇಕು? ಬಾಯಲ್ಲೇ ಮೇಲೆ ಹತ್ತಿಸಿ: 1786ರಿಂದ 1790ಕ್ಕೆ 4, ಅಲ್ಲಿಂದ 1800ಕ್ಕೆ 10, ಅಲ್ಲಿಂದ 1819ಕ್ಕೆ 19. ಒಟ್ಟು 33. ಮನೆಯ ದೊಡ್ಡವರೆಲ್ಲ ಹೇಗೂ ಮಾತಾಡುವ ವಿಷಯ ಇದು. ಅದರಲ್ಲಿ ಮಗುವಿನ ಲೆಕ್ಕವೂ ಸೇರುತ್ತದೆ.

## ಹಂತ 4: ಮಗ್ಗಿ, ಭಾಗಾಕಾರ, ಭಿನ್ನರಾಶಿ

ಮಗ್ಗಿ ಬಾಯಿಪಾಠ ಬೇಕು, ನಾನು ಬೇಡ ಅನ್ನುವುದಿಲ್ಲ. ಆದರೆ ಮೊದಲು ಸಾಲು. ಬೀಜಗಳನ್ನು ಅಡಿಕೆ ಸಸಿ ನೆಟ್ಟ ಹಾಗೆ ಆರರ ನಾಲ್ಕು ಸಾಲು ಇಡಿಸಿ. ಈ ಕಡೆಯಿಂದ ನೋಡಿದರೆ ಆರರ ನಾಲ್ಕು ಸಾಲು, ಆ ಕಡೆಯಿಂದ ನಾಲ್ಕರ ಆರು ಸಾಲು. ಎರಡೂ 24. ಇದು ಹೊಳೆದ ಮಗುವಿಗೆ ಕಲಿಯಬೇಕಾದ ಮಗ್ಗಿ ಅರ್ಧಕ್ಕೆ ಇಳಿಯುತ್ತದೆ.

ಕ್ರಮ 2, 10, 5, ಆಮೇಲೆ 4, 8, 3, 6, 9, ಕೊನೆಗೆ 7. ನಾಲ್ಕರ ಮಗ್ಗಿ ಎರಡರದ್ದರ ದುಪ್ಪಟ್ಟು, ಎಂಟರದ್ದು ನಾಲ್ಕರದ್ದರ ದುಪ್ಪಟ್ಟು. ಮೊದಲಿನಿಂದ ಕೊನೆವರೆಗೆ ಹಾಡಿಸಿ ಬಿಟ್ಟುಬಿಡಬೇಡಿ. ನಡುವಿನಿಂದ "ಆರೇಳ್ಲೆ?" ಅಂತ ಕೇಳಿ.

ಭಾಗಾಕಾರವೂ ಅದೇ ಸಾಲು, ಹಿಂದಿನಿಂದ. 24 ಸಸಿ, ಸಾಲಿಗೆ ಆರು, ಎಷ್ಟು ಸಾಲು? ಭಿನ್ನರಾಶಿಗೆ ಅಕ್ಕಿರೊಟ್ಟಿ. ಎಂಟನೇ ಒಂದು ಭಾಗ ನಾಲ್ಕನೇ ಒಂದಕ್ಕಿಂತ ದೊಡ್ಡದು ಅಂತ ಮಕ್ಕಳು ಖಂಡಿತ ಹೇಳುತ್ತಾರೆ, 8 ದೊಡ್ಡದಲ್ವಾ! ವಾದ ಬೇಡ. ಒಂದು ರೊಟ್ಟಿ ನಾಲ್ಕು ತುಂಡು, ಇನ್ನೊಂದು ಎಂಟು ತುಂಡು ಮಾಡಿ, ಯಾವ ತುಂಡು ಬೇಕು ಅಂತ ಕೇಳಿ.

## ಹಂತ 5: ಇಂಗ್ಲಿಷ್ ಕಿವಿಗೆ, ಬಾಯಿಗೆ

ಮೊದಲ ದಿನ ಮಗುವಿನ ಜೊತೆ ಮನೆಯಲ್ಲಿ ಓಡಾಡಿ, ಅದಕ್ಕೆ ಆಗಲೇ ಗೊತ್ತಿರುವ ಇಂಗ್ಲಿಷ್ ಪದ ಎಣಿಸಿ. ಬಸ್ಸು, ಗೇಟು, ಟಾರ್ಚು, ಚಾರ್ಜರ್, ಬಕೆಟ್, ಗ್ಲಾಸು, ಸ್ವಿಚ್ಚು. ಐವತ್ತು ಸುಲಭವಾಗಿ ಸಿಗುತ್ತವೆ. "ನಂಗೆ ಇಂಗ್ಲಿಷ್ ಬರಲ್ಲ" ಅನ್ನುವ ಮಗುವಿಗೆ ಈ ಪಟ್ಟಿ ತೋರಿಸಿ.

ಆಮೇಲೆ ವಾರಕ್ಕೆ ಐದೇ ವಾಕ್ಯ. ದಿನಾ ಅದೇ ಹೊತ್ತಿಗೆ, ಅದೇ ಕೆಲಸದ ಜೊತೆ. ನೀರು ಬೇಕಾದಾಗ "ಗಿವ್ ಮಿ ವಾಟರ್". ಹೊರಡುವಾಗ "ವೇರ್ ಈಸ್ ಯುವರ್ ಬ್ಯಾಗ್?" ಜೂನ್ ಬಂದರೆ "ಇಟ್ ಈಸ್ ರೇನಿಂಗ್" ಹೇಳಲು ದಿನಕ್ಕೆ ಹತ್ತು ಸಲ ಅವಕಾಶ ಸಿಗುತ್ತದೆ. ಕೈಸನ್ನೆ ಮಾಡಿ, ಆದರೆ ಹಿಂದೆಯೇ ಕನ್ನಡದಲ್ಲಿ ಹೇಳಬೇಡಿ. ಹೇಳಿದರೆ ಮಗು ಇಂಗ್ಲಿಷ್ ಕೇಳುವುದೇ ಇಲ್ಲ, ಕನ್ನಡಕ್ಕೆ ಕಾಯುತ್ತದೆ.

ಮಗು "ಐ ರೈಸ್ ಏಟ್" ಅನ್ನುತ್ತದೆ. ಕನ್ನಡದಲ್ಲಿ "ನಾನು ಅನ್ನ ತಿಂದೆ", ತಿಂದೆ ಕೊನೆಗೆ. ಅದೇ ಜೋಡಣೆ ಇಂಗ್ಲಿಷಿಗೂ ಬಂದಿದೆ. ತಪ್ಪು ಅನ್ನಬೇಡಿ, ವ್ಯಾಕರಣ ಹೇಳಬೇಡಿ. "ಯು ಏಟ್ ರೈಸ್? ಐ ಏಟ್ ದೋಸೆ" ಅಂತ ಸರಿ ರೂಪ ಮಾತಿನಲ್ಲೇ ಕಿವಿಗೆ ಹಾಕಿ. ಹಲವು ಸಲ ಕೇಳಿದ ಮೇಲೆ ತಾನೇ ತಿದ್ದಿಕೊಳ್ಳುತ್ತದೆ.

ನಿಮಗೇ ಉಚ್ಚಾರಣೆ ಅನುಮಾನ ಇದ್ದರೆ ಪಠ್ಯಪುಸ್ತಕದಲ್ಲಿ ಕ್ಯೂಆರ್ ಕೋಡ್ ಇದೆಯಾ ನೋಡಿ. ಸರ್ಕಾರದ ಕಲಿಕೆಯ ಆ್ಯಪ್ ದೀಕ್ಷಾದಲ್ಲಿ ಸ್ಕ್ಯಾನ್ ಮಾಡಿದರೆ ಪಾಠಕ್ಕೆ ಸೇರಿದ ಸಾಮಗ್ರಿ ಸಿಗುತ್ತದೆ. ಮಗುವಿನ ಜೊತೆ ಕೂತು ನೀವೂ ಕೇಳಿ, ನೀವೂ ಹೇಳಿ.

ಮನೆಮಾತು ಉರ್ದು, ಲಂಬಾಣಿ, ತುಳು, ಕೊಂಕಣಿ, ತಮಿಳು ಆಗಿರುವ ಮನೆಗಳು ನಮ್ಮ ಜಿಲ್ಲೆಯಲ್ಲಿ ಬೇಕಾದಷ್ಟಿವೆ. ಅಲ್ಲಿನ ಮಗುವಿಗೆ ಕನ್ನಡವೇ ಎರಡನೇ ಭಾಷೆ. ಕ್ರಮ ಇದೇ, ಕಿವಿ ಮೊದಲು. ಒಂದು ಮಾತ್ರ ಮಾಡಬೇಡಿ. ಶಾಲೆಗೆ ಅನುಕೂಲವಾಗಲಿ ಅಂತ ಮನೆಮಾತು ಬಿಟ್ಟು ಅರ್ಧಂಬರ್ಧ ಕನ್ನಡದಲ್ಲೋ ಇಂಗ್ಲಿಷಿನಲ್ಲೋ ಮಾತಾಡಬೇಡಿ. ಮಗು ಯೋಚಿಸುವುದು ಆ ಭಾಷೆಯಲ್ಲಿ. ಕಥೆ, ಲೆಕ್ಕ, ಜಗಳ ಎಲ್ಲ ಅದರಲ್ಲೇ ನಡೆಯಲಿ.

## ಹಂತ 6: ಇಂಗ್ಲಿಷ್ ಓದು

ಕನ್ನಡದಲ್ಲಿ ಅಕ್ಷರದ ಹೆಸರೂ ಧ್ವನಿಯೂ ಒಂದೇ. ಇಂಗ್ಲಿಷಿನಲ್ಲಿ ಹಾಗಲ್ಲ. ಎಚ್ ಅಂತ ಹೆಸರು, ಧ್ವನಿ ಹ್. ಡಬ್ಲ್ಯೂ ಅಂತ ಹೆಸರು, ಧ್ವನಿ ವ್. ಹೆಸರುಗಳನ್ನು ಎಷ್ಟು ಸಲ ಹೇಳಿಸಿದರೂ ಓದು ಬರುವುದಿಲ್ಲ. "ಪಿ, ಐ, ಎನ್" ಅಂತ ನೂರು ಸಲ ಹೇಳಿದರೂ ಅದರಿಂದ ಪಿನ್ ಹುಟ್ಟುವುದಿಲ್ಲ.

ಆರು ಅಕ್ಷರದಿಂದ ಶುರು ಮಾಡಿ: ಎಸ್, ಎ, ಟಿ, ಪಿ, ಐ, ಎನ್. ಅವುಗಳ ಧ್ವನಿ ಸ್, ಆ್ಯ, ಟ್, ಪ್, ಇ, ನ್. ಇಷ್ಟರಲ್ಲೇ ಪಿನ್, ಟಿನ್, ಟ್ಯಾಪ್, ಪ್ಯಾನ್, ಸಿಟ್, ಟಿಪ್ ಎಲ್ಲ ಓದಬಹುದು.

ಧ್ವನಿ ಕೂಡಿಸುವುದು ಮಕ್ಕಳಿಗೆ ಕಷ್ಟ. ಆದರೆ ಕಾಗುಣಿತ ಕಲಿತ ಮಗುವಿಗೆ ಈ ವಿದ್ಯೆ ಆಗಲೇ ಗೊತ್ತು. ಪ್ ಜೊತೆ ಇ ಸೇರಿದರೆ ಪಿ. ಅದಕ್ಕೆ ನ್ ಹಚ್ಚಿದರೆ ಪಿನ್. ಹಾಗಂತ ಬಾಯಲ್ಲಿ ಹೇಳಿಸಿ: "ಪ್... ಇ... ಪಿ... ಪಿನ್." ಕಾಗುಣಿತದ ನೆನಪು ತಂದ ಕೂಡಲೇ ಎಷ್ಟೋ ಮಕ್ಕಳ ಮುಖ ಅರಳುವುದನ್ನು ನೋಡಿದ್ದೇನೆ. ಕೊನೆಗೆ "ಪಿನ್ನು" ಅಂತ ಉ ಎಳೆದರೆ ಬೈಯಬೇಡಿ. ಕನ್ನಡದ ನಾಲಿಗೆಗೆ ಅದು ಸಹಜ. ತುಟಿ ಮುಂದೆ ಬಾರದಂತೆ ನಿಲ್ಲಿಸಲು ತೋರಿಸಿ.

ಇಲ್ಲಿ ಆಗುವ ತಪ್ಪುಗಳು:

- ಇಂಗ್ಲಿಷ್ ಪದದ ಮೇಲೆ ಪೆನ್ಸಿಲಿನಲ್ಲಿ ಕನ್ನಡ ಬರೆದುಕೊಡುವುದು. ಮಗುವಿನ ಕಣ್ಣು ಕನ್ನಡವನ್ನೇ ಓದುತ್ತದೆ, ಕೆಳಗಿನದನ್ನು ನೋಡುವುದೇ ಇಲ್ಲ. ಅಳಿಸಿಬಿಡಿ.
- ಸಣ್ಣ ಬಿ, ಸಣ್ಣ ಡಿ ಎರಡನ್ನೂ ಒಂದೇ ದಿನ ಹೇಳಿಕೊಡುವುದು. ಒಂದು ಗಟ್ಟಿಯಾಗಲಿ, ಎರಡು ವಾರ ಬಿಟ್ಟು ಇನ್ನೊಂದು.
- ಧ್ವನಿ ಹಿಡಿದು ಓದಲಾಗದ "ದ", "ವಾಸ್", "ಸೆಡ್" ಥರದ ಪದಗಳನ್ನು ಒಟ್ಟಿಗೆ ಹೇರುವುದು. ಚೀಟಿಯಲ್ಲಿ ಬರೆದು, ವಾರಕ್ಕೆ ಎರಡೇ, ನೋಡಿ ಗುರುತಿಸುವಂತೆ ಮಾಡಿ.

ಬರೆಸುವುದು ಈಗ. ಮಗು ಓದಬಲ್ಲ ಪದವನ್ನು ಮಾತ್ರ ಉಕ್ತಲೇಖನ ಕೊಡಿ. ಆಮೇಲೆ ದಿನಕ್ಕೆ ಒಂದು ವಾಕ್ಯ, ಮೊದಲು ಬಾಯಲ್ಲಿ ಹೇಳಿ, ಆಮೇಲೆ ಪುಸ್ತಕದಲ್ಲಿ. ಒಂದೇ ಪದ ಐವತ್ತು ಸಲ ಬರೆಸಿದರೆ ಕೈ ಮಾತ್ರ ದಣಿಯುತ್ತದೆ.

## ಹಂತ 7: ಲೆಕ್ಕ ತಪ್ಪಿದ್ದಾ, ಭಾಷೆ ತಪ್ಪಿದ್ದಾ?

ಗಣಿತ ಇಂಗ್ಲಿಷಿನಲ್ಲಿ ನಡೆಯುವ ಮಕ್ಕಳ ಮನೆಯವರು ಇದನ್ನು ನಿಧಾನವಾಗಿ ಓದಿ. ಮಗು "ಫೋರ್ಟೀನ್" ಕೇಳಿ 41 ಬರೆಯುತ್ತದೆ. ಗಣಿತ ಬರುವುದಿಲ್ಲ ಅಂತ ನಾವು ತೀರ್ಮಾನಿಸುತ್ತೇವೆ. ಕನ್ನಡದ ಹದಿನಾಲ್ಕರಲ್ಲಿ ಹತ್ತು ಮೊದಲು ಕೇಳುತ್ತದೆ. ಇಂಗ್ಲಿಷಿನಲ್ಲಿ 13ರಿಂದ 19ರವರೆಗೆ ಬಿಡಿ ಮೊದಲು ಕೇಳುತ್ತದೆ. ಮಗು ಕೇಳಿದ ಕ್ರಮದಲ್ಲೇ ಬರೆದಿದೆ. 21ರಿಂದ ಎರಡೂ ಭಾಷೆಯ ಕ್ರಮ ಒಂದೇ. ಹಾಗಾಗಿ ಈ ಏಳು ಸಂಖ್ಯೆಗೆ ಮಾತ್ರ ಒಂದು ವಾರ ಕೊಡಿ, ಕಟ್ಟು ಕಡ್ಡಿ ಇಟ್ಟೇ. "ಥರ್ಟೀನ್, ಥರ್ಟಿ" ಎರಡನ್ನೂ ಅದಲುಬದಲು ಹೇಳಿ, ಮಗು ಕಡ್ಡಿ ಎತ್ತಿ ತೋರಿಸಲಿ.

ವಾಕ್ಯದ ಲೆಕ್ಕ ತಪ್ಪಿದಾಗ ಅದೇ ಲೆಕ್ಕವನ್ನು ಮನೆಮಾತಿನಲ್ಲಿ ಬಾಯಲ್ಲಿ ಕೇಳಿ. ಆಗ ಸರಿಯಾದರೆ ಕೆಲಸ ಇರುವುದು ಇಂಗ್ಲಿಷಿನಲ್ಲಿ. ಆಗಲೂ ತಪ್ಪಿದರೆ ಕಡ್ಡಿಗೆ ವಾಪಸ್ ಹೋಗಿ.

"ಜಾಸ್ತಿ ಅಂದರೆ ಕೂಡು, ಕಡಿಮೆ ಅಂದರೆ ಕಳೆ" ಅಂತ ಸೂತ್ರ ಹೇಳಿಕೊಡಬೇಡಿ. "ಅಣ್ಣನ ಹತ್ತಿರ 12 ಗೋಲಿ ಇದೆ. ಅದು ತಂಗಿ ಹತ್ತಿರ ಇರುವುದಕ್ಕಿಂತ 4 ಜಾಸ್ತಿ. ತಂಗಿ ಹತ್ತಿರ ಎಷ್ಟು?" ಸೂತ್ರ ಕಲಿತ ಮಗು 16 ಅನ್ನುತ್ತದೆ. ಬೀಜ ಇಟ್ಟು ಕಥೆ ನಡೆಸಿದ ಮಗು 8 ಅನ್ನುತ್ತದೆ. ಮೊದಲು ಕಥೆ ಹೇಳಿಸಿ. ಯಾರ ಹತ್ತಿರ ಜಾಸ್ತಿ ಇದೆ? ಪೆನ್ಸಿಲ್ ಆಮೇಲೆ.

## ಎಚ್ಚರಿಕೆಯ ಲಕ್ಷಣಗಳು

ಪುಸ್ತಕವನ್ನು ಮೂಗಿನ ಹತ್ತಿರ ಹಿಡಿಯುವುದು, ಬೋರ್ಡ್ ನೋಡಲು ಕಣ್ಣು ಕಿರಿದು ಮಾಡುವುದು, ಕರೆದರೆ ಮೂರನೇ ಸಲಕ್ಕೆ ಓಗೊಡುವುದು. ಇವು ಕಂಡರೆ ಮೊದಲು ಕಣ್ಣು, ಕಿವಿ ಪರೀಕ್ಷೆ ಮಾಡಿಸಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ಸರ್ಕಾರಿ ಶಾಲೆಗೆ ಬರುತ್ತದೆ. ಅದರವರೆಗೆ ಕಾಯಬೇಕಾಗಿಲ್ಲ, ಆಸ್ಪತ್ರೆಗೆ ಹೋಗಿ ಬನ್ನಿ.

ಓದಲು ಕೂರುವ ಹೊತ್ತಿಗೆ ಮಾತ್ರ ಹೊಟ್ಟೆನೋವು ಬಂದರೆ ಅದನ್ನು ಸುಳ್ಳು ಅನ್ನಬೇಡಿ. ಒಂದು ವಾರ ಪುಸ್ತಕ ಮುಚ್ಚಿ, ಬರೀ ಆಟ ಮಾಡಿ, ಆಮೇಲೆ ಹಂತ 1ಕ್ಕೆ ಹೋಗಿ. ಮೂರು ತಿಂಗಳು ಬಿಡದೆ ಮಾಡಿದರೂ ಧ್ವನಿ ಕೂಡಿಸಲು ಆಗದಿದ್ದರೆ, ಹತ್ತರೊಳಗಿನ ಕೂಡುವಿಕೆಗೂ ಪ್ರತಿಸಲ ಒಂದರಿಂದ ಎಣಿಸುತ್ತಿದ್ದರೆ, ಶಾಲೆಯ ಟೀಚರ್ ಹತ್ತಿರ ಮಾತಾಡಿ. ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ ವಿಶೇಷ ಅಗತ್ಯವಿರುವ ಮಕ್ಕಳಿಗಾಗಿಯೇ ಸಂಪನ್ಮೂಲ ಶಿಕ್ಷಕರು ಇರುತ್ತಾರೆ. ಅವರನ್ನು ಕಾಣಲು ದಾರಿ ಟೀಚರೇ ಹೇಳುತ್ತಾರೆ.

## ಅಡಿಕೆ ಸುಗ್ಗಿಯಲ್ಲಿ

ಕೊಯ್ಲು ಶುರುವಾದರೆ ಮನೆಯಲ್ಲಿ ಯಾರಿಗೂ ಪುರಸೊತ್ತಿಲ್ಲ. ರಾತ್ರಿ ಹನ್ನೊಂದರವರೆಗೆ ಸುಲಿಯುವುದು, ಬೆಳಿಗ್ಗೆ ಬೇಯಿಸುವುದು. ಎಷ್ಟೋ ಮನೆಗಳಲ್ಲಿ ಮಾಡಿದ್ದೆಲ್ಲ ಇದೇ ಹೊತ್ತಿನಲ್ಲಿ ಕೈತಪ್ಪುತ್ತದೆ. ಪೂರ್ತಿ ನಿಲ್ಲಿಸಬೇಡಿ, 20 ನಿಮಿಷವನ್ನು 8ಕ್ಕೆ ಇಳಿಸಿ. ಹೊಸದೇನೂ ಬೇಡ. ಅಡಿಕೆ ಸುಲಿಯುವ ಮೆಟ್ಟುಗತ್ತಿಯಿಂದ ದೂರ ಕೂರಿಸಿಕೊಂಡು, ನೀವು ಸುಲಿಯುತ್ತಲೇ ಮಗ್ಗಿ ನಡುವಿನಿಂದ ಕೇಳಿ, ಹಳೇ ಐದು ಇಂಗ್ಲಿಷ್ ವಾಕ್ಯ ಆಡಿ. ಎಷ್ಟು ಡಬ್ಬ ಸುಲಿದಾಯಿತು, ಡಬ್ಬಕ್ಕೆ ಇಷ್ಟು ರೂಪಾಯಿ ಅಂದರೆ ಒಟ್ಟು ಕೂಲಿ ಎಷ್ಟು ಅನ್ನುವ ಲೆಕ್ಕ ಮಗುವೇ ಬರೆದಿಡಲಿ.

ನಿಮ್ಮ ನೋಟ್‌ಬುಕ್ಕಿನಲ್ಲಿ ವಾರಕ್ಕೆ ಎರಡು ಸಾಲು ಬರೆಯಿರಿ, ಯಾವುದು ಬಂತು, ಯಾವ ಹಂತದಲ್ಲಿ ನಿಂತಿತು. ಪೋಷಕರ ಸಭೆಗೆ ಹೋಗುವಾಗ ಅದನ್ನು ತೆಗೆದುಕೊಂಡು ಹೋಗಿ. "ನಮ್ಮ ಮಗ ಹೇಗೆ ಓದ್ತಾನೆ?" ಅಂತ ಕೇಳುವ ಬದಲು "ಕಡ್ಡಿಯಲ್ಲಿ ಕಳೀತಾನೆ, ಸ್ಲೇಟಿಗೆ ಬಂದಾಗ ತಪ್ಪುತ್ತಾನೆ" ಅನ್ನಿ. ಟೀಚರಿಗೆ ಆ ಒಂದು ಸಾಲಿನಿಂದ ಮುಂದೆ ಏನು ಮಾಡಬೇಕು ಅಂತ ಗೊತ್ತಾಗುತ್ತದೆ.